ಪ್ರಭುದಾಸರು ಕೈ ಕುಲುಕಿದ್ದು

ನಮ್ಮ ಬೀದರಿನ ಚಿದ್ರಿಯಲ್ಲಿ ಯಾರ ಮನೆಯ ಹುಡುಗ ಡಿಗ್ರಿ ಮುಗಿಸಿದರೂ ಮೊದಲು ಸುದ್ದಿ ಮುಟ್ಟುವುದು ಪ್ರಭುದಾಸರಿಗೆ. ಮಾರ್ಕ್ಸ್ ಕಾರ್ಡು ಮನೆ ಸೇರುವ ಮೊದಲೇ ಅವರು ಆ ಮನೆ ಸೇರಿ, ಕುರ್ಚಿ ಎಳೆದುಕೊಂಡು, ಚಹಾಕ್ಕೆ ಸಕ್ಕರೆ ಕಡಿಮೆಯಾಯಿತೆಂದು ಹೇಳಿ, ಉಪದೇಶಕ್ಕೆ ತೊಡಗಿರುತ್ತಾರೆ. ಅವರು ಒಂದು ನರ್ಸಿಂಗ್ ಕಾಲೇಜಿನಲ್ಲಿ ಹೆಡ್ ಕ್ಲಾರ್ಕು. ಅಲ್ಲಿ ಎಲ್ಲರೂ ಅವರಿಗೇ ಹೇಳುವವರು, ಅವರ ಮಾತು ಕೇಳುವವರು ಯಾರೂ ಇಲ್ಲ. ಆದರೆ ಒಮ್ಮೆ ಹೈದರಾಬಾದಿನಲ್ಲಿ ಎರಡು ದಿನದ ವ್ಯಕ್ತಿತ್ವ ವಿಕಸನ ಶಿಬಿರಕ್ಕೆ ಹೋಗಿ ಬಂದರು. ಹೋಗಬೇಕಾಗಿದ್ದ ಪ್ರಿನ್ಸಿಪಾಲರಿಗೆ ಕಾಮಾಲೆಯಾಗಿತ್ತು, ಕಟ್ಟಿದ ಫೀಸು ದಂಡವಾಗಬಾರದೆಂದು ಇವರನ್ನು ಕಳಿಸಿದ್ದರು. ಆ ಶಿಬಿರದ ಸರ್ಟಿಫಿಕೇಟು ಈಗ ಅವರ ಪಡಸಾಲೆಯಲ್ಲಿ ಯೇಸುವಿನ ಫೋಟೋದ ಪಕ್ಕದಲ್ಲೇ ತೂಗುತ್ತದೆ. ಮನೆಗೆ ಬಂದವರು ಮೊದಲು ಯಾವುದರ ಕಡೆ ನೋಡುತ್ತಾರೆಂದು ಪ್ರಭುದಾಸರು ಕಣ್ಣಿಟ್ಟು ಕಾಯುತ್ತಾರೆ.

ಅವರ ಉಪದೇಶದ ಸಾರವೆಲ್ಲ ಕೈಯಲ್ಲಿತ್ತು. "ಆಡಿಟ್ ಇರ್ಲಿ, ವಕೀಲಿ ಇರ್ಲಿ, ಈ ಕಸುಬಿನಾಗ ಅಂಗಡ್ಯಾಗ ತೋರಸ್ಲಿಕ್ಕ ಮಾಲು ಇರಂಗಿಲ್ಲ. ಅದಕ್ಕ ಗಿರಾಕಿ ನಿಮ್ಮ ಕೈ ನೋಡ್ತಾನ. ಕೈ ಗಟ್ಟಿ ಹಿಡೀಬೇಕು. ಕಣ್ಣಾಗ ಕಣ್ಣಿಟ್ಟು ಹಿಡೀಬೇಕು. ಅವ ಹಿಂದ ಸರ್ಕೊಳ್ಳೂದ್ರಾಗ ನೀವೇ ಮುಂದ ಕೈ ಚಾಚಬೇಕು. ಮತ್ತ ಏನ್ ಕೇಳಿದ್ರೂ 'ಗೊತ್ತಿಲ್ಲ' ಅನಬಾರ್ದು. 'ಗೊತ್ತಿಲ್ಲ' ಅಂದವನ ಕತಿ ಮುಗೀತು." ಈ ಉಪದೇಶ ಕೇಳಿದ ಚಿದ್ರಿಯ ಹುಡುಗರಲ್ಲಿ ಕೆಲವರಿಗೆ ನೌಕರಿ ಸಿಕ್ಕಿದೆ. ಉಪದೇಶದಿಂದಲೇ ಸಿಕ್ಕಿತೆಂದು ಪ್ರಭುದಾಸರು ಹೇಳುತ್ತಾರೆ, ಹುಡುಗರು ಹೇಳುವುದಿಲ್ಲ.

ಹೊರಗಿನ ಹುಡುಗರಾದರೆ ಚಹಾ ಕುಡಿಸಿ ಸಾಗಹಾಕಬಹುದು. ಸುಜೀತನಿಗೆ ಆ ದಾರಿಯಿರಲಿಲ್ಲ. ಅವನು ಪ್ರಭುದಾಸರ ತಂಗಿ ಗ್ರೇಸಳ ಮಗ. ಬಿ.ಕಾಂ. ಮುಗಿಸಿ ಬೀದರಿನ ಸಿ.ಎ. ಜುಲ್ಫೀಕಾರ ಸಾಹೇಬರ ಆಡಿಟ್ ಆಫೀಸಿನಲ್ಲಿ ಪ್ರೊಬೇಷನ್ ಮೇಲೆ ಸೇರಿಕೊಂಡಿದ್ದ. ಆ ಅವಧಿ ಮುಗಿಯುವ ದಿನ ಸಾಹೇಬರು ಅವನ ಕೈಗೆ ಒಂದು ಫೈಲು ಕೊಟ್ಟರು.

"ಭಾಲ್ಕಿ ಉಸ್ಮಾನ ಮಿಯಾ ಅಂತ. ಅಲ್ಲಿ ದಾಲ್ ಮಿಲ್ ಅದ, ಇಲ್ಲಿ ಗಾಂಧಿ ಗಂಜದಾಗ ಅಡತಿ ಅಂಗಡಿ ಅದ. ವ್ಯವಹಾರ ಎಲ್ಲಾ ಅವ್ರ ಅಮ್ಮಿ ಮಹಮೂದಾ ಬೇಗಂ ಹೆಸರಿನ ಮ್ಯಾಗ. ಲೆಕ್ಕದ ಕೆಲಸ ನಮಗ ಒಪ್ಪಸ್ತೇವಿ ಅಂತ ಈ ಪತ್ರದ ಮ್ಯಾಗ ಬೇಗಂ ಸಾಬ್ ಸಹಿ ಬೇಕು. ಇನ್ನೂ ಇಬ್ಬರು ಆಡಿಟರು ಅವ್ರ ಬೆನ್ನು ಹತ್ತ್ಯಾರ, ಇವತ್ತೇ ಆಗಬೇಕು. ಸಹಿ ತಂದ್ರ ನೀ ಪಕ್ಕಾ. ತರ್ಲಿಲ್ಲಂದ್ರ ಸೋಮವಾರ ಆಫೀಸಿಗಿ ಬರೋ ತ್ರಾಸ ತೊಗೋಬ್ಯಾಡ."

ಈ ಮಾತನ್ನು ಸುಜೀತ ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ಮುಂದಿನ ಬಸ್ಸಿಗೆ ಅವನು ಹೊರಟಾಗ ಪ್ರಭುದಾಸರು ಕೋಟು ಹಾಕಿ, ಕೆಂಪು ಟೈ ಕಟ್ಟಿ ಬಾಗಿಲಲ್ಲಿ ನಿಂತಿದ್ದರು.

"ಅಣ್ಣಾ, ನೀ ಯಾಕ ಹೊಂಟಿ?" ಎಂದಳು ಗ್ರೇಸ. ಅವಳ ದನಿಯಲ್ಲಿ ಪ್ರಾರ್ಥನೆಯಿತ್ತು. "ಹುಡುಗನ ಹೊಟ್ಟಿಪಾಡಿನ ಮಾತು. ಅವ ಒಬ್ಬನೇ ಹೋಗ್ಲಿ ಬಿಡು."

"ನಾ ಖಾಲಿ ಬಾಜೂಕ ನಿಂದ್ರತೇನಿ, ಗ್ರೇಸ. ಬಾಯಿ ಬಿಚ್ಚಂಗಿಲ್ಲ. ಆಣಿ."

ಪ್ರಭುದಾಸರು ಆಣೆ ಮುರಿದರೆಂದು ಯಾರೂ ಹೇಳುವಂತಿಲ್ಲ. ಆದ ಅನಾಹುತದಲ್ಲಿ ಬಾಯಿಯ ಪಾತ್ರ ನಿಜವಾಗಿಯೂ ಕಡಿಮೆ.

ಬಸ್ಸಿನಲ್ಲಿ ಭಾಲ್ಕಿ ಬರುವವರೆಗೆ ಕೈ ಕುಲುಕುವ ತಾಲೀಮು ನಡೆಯಿತು. ಸುಜೀತನ ಬಲಗೈ ನೋಯತೊಡಗಿದ ಮೇಲೆ ಪ್ರಭುದಾಸರು ಚಿಲ್ಲರೆ ಕೊಡಲು ಕೈ ಚಾಚಿದ ಕಂಡಕ್ಟರನ ಕೈಯನ್ನೇ ಹಿಡಿದು ಕುಲುಕಿದರು. ಅವನು ಉಳಿದ ದಾರಿಯುದ್ದಕ್ಕೂ ಇವರ ಸೀಟಿನ ಹತ್ತಿರ ಸುಳಿಯಲಿಲ್ಲ.

ಭಾಲ್ಕಿಯ ಮಿಲ್ಲಿನಲ್ಲಿ ಉಸ್ಮಾನ ಮಿಯಾ ಇರಲಿಲ್ಲ. ಗದ್ದಿಗೆಯ ಮೇಲಿದ್ದ ಮುನೀಮ ಕೈ ಚೆಲ್ಲಿದ. "ಅಮ್ಮಿನ್ನ ಜೀಪಿನಾಗ ಕೂಡಿಸ್ಕೊಂಡು ಔರಾದ ದನದ ಬಜಾರಕ್ಕ ಹೋಗ್ಯಾರ್ರಿ. ಮನಿ ಎಮ್ಮಿ ಸತ್ತದ್ದಕ್ಕ ಅಮ್ಮಿ ಅನ್ನಾ ಬರಾಬರ್ ಉಣವಲ್ರು. ಅದರದ್ದೇ ಕರ ಹಿಂದ ಭಾತಂಬ್ರಾ ಊರವ್ರಿಗಿ ಮಾರಿದ್ರು. ಅದು ಈಗ ದೊಡ್ಡದಾಗಿ ಬಜಾರಕ್ಕ ಬಂದಾದಂತ. ಹ್ಯಾಂಗರ ಮಾಡಿ ಅದನ್ನೇ ತರ್ಬೇಕು ಅಂತ ಹೋಗ್ಯಾರ. ಅಲ್ಲಿಂದ ಹಂಗೇ ಮದಿವಿಗಿ ಉದಗೀರಕ್ಕ ಹೋಗವ್ರು, ಬರೂದು ಮುಂದಿನ ವಾರ."

ಮುಂದಿನ ವಾರವೆಂದರೆ ಸೋಮವಾರದ ಆಚೆ. ಸುಜೀತ ಔರಾದಿನ ಬಸ್ಸಿಗೆ ಓಡಿದ. ಪ್ರಭುದಾಸರು ಟೈ ಭುಜದ ಮೇಲೆ ಹಾಕಿಕೊಂಡು ಅವನ ಹಿಂದೆ ಓಡಿದರು.

ಔರಾದಿಗೆ ಮುಟ್ಟಿದಾಗ ಬಿಸಿಲು ಇಳಿಮುಖವಾಗಿತ್ತು. ದನದ ಬಜಾರ ಅರ್ಧ ಖಾಲಿಯಾಗಿತ್ತು. ಉಳಿದ ಅರ್ಧದಲ್ಲಿ ಎತ್ತು, ಎಮ್ಮೆ, ಟೆಂಪೊ, ಧೂಳು, ಬೈಗುಳ ಎಲ್ಲವೂ ಕಲಸಿಕೊಂಡಿದ್ದವು. ಆ ಬಜಾರಕ್ಕೆ ಟೈ ಕಟ್ಟಿಕೊಂಡು ಬಂದವರು ಅಂದಿನವರೆಗೆ ಯಾರೂ ಇರಲಿಲ್ಲವಾದ್ದರಿಂದ ಜನ ತಾವಾಗಿಯೇ ದಾರಿ ಬಿಟ್ಟರು. ಇದು ತಮ್ಮ ವ್ಯಕ್ತಿತ್ವದ ಪ್ರಭಾವವೆಂದು ಪ್ರಭುದಾಸರು ಸೋದರಳಿಯನಿಗೆ ಕಣ್ಣಲ್ಲೇ ಸೂಚಿಸಿದರು.

ಚಹಾದ ಗಾಡಿಯವನನ್ನು ಕೇಳಿದ್ದಕ್ಕೆ ಅವನು ಗದ್ದ ಎತ್ತಿ ತೋರಿಸಿದ. "ಅಲ್ಲಿ ನೋಡ್ರಿ, ಸುರುಳಿ ಕೋಡಿನ ಎಮ್ಮಿ ಬಾಜೂಕ, ಟೋಪಿ ಹಾಕ್ಕೊಂಡು ನಿಂತಾರಲ್ಲ. ಅವ್ರೇ ಉಸ್ಮಾನ ಮಿಯಾ."

ಅವನು ತೋರಿಸಿದ ಗಳಿಗೆಯಲ್ಲಿ ಅದು ಸರಿಯಾಗಿಯೇ ಇತ್ತು. ಆದರೆ ಇವರು ಎತ್ತುಗಳ ಸಾಲು ದಾಟಿ, ಒಂದು ಹೋರಿಯ ಕೋಪದಿಂದ ಪಾರಾಗಿ ಅಲ್ಲಿಗೆ ಹೋಗುವಷ್ಟರಲ್ಲಿ ಉಸ್ಮಾನ ಮಿಯಾ ದರದ ಬಗ್ಗೆ ಕೊನೆಯ ಮಾತು ಕೇಳಲು ಅಮ್ಮಿ ಕುಳಿತಿದ್ದ ಜೀಪಿನ ಕಡೆ ಹೋಗಿದ್ದರು. ಎಮ್ಮೆಯ ಬಳಿ ಉಳಿದವರು ಅದನ್ನು ಮಾರಲು ತಂದಿದ್ದ ಭಾತಂಬ್ರಾದ ಅಬ್ದುಲ ಗಫೂರ ಮತ್ತು ದಲಾಲ ಕಾಶೀರಾಮ. ಗಫೂರನ ತಲೆಯ ಮೇಲೂ ಟೋಪಿಯಿತ್ತು. ಅವನ ಬಲಗೈಯ ಮೇಲೆ ಒಂದು ಟವೆಲ್ ಹೊದಿಸಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ದನದ ಬಜಾರದಲ್ಲಿ ದರವನ್ನು ಬಾಯಲ್ಲಿ ಹೇಳುವ ಪದ್ಧತಿಯಿಲ್ಲ. ಮಾರುವವನೂ ಕೊಳ್ಳುವವನೂ ಟವೆಲ್ಲಿನ ಕೆಳಗೆ ಕೈ ಸೇರಿಸುತ್ತಾರೆ. ಬೆರಳು ಒತ್ತಿ ದರ ಹೇಳುತ್ತಾರೆ, ಬೆರಳು ಮಡಚಿ ಕಡಿಮೆ ಮಾಡುತ್ತಾರೆ. ಸುತ್ತ ನಿಂತವರಿಗೆ ಕಾಣುವುದು ಇಬ್ಬರ ಮುಖ ಮಾತ್ರ. ಬೇಡವಾದರೆ ಕೈ ಹಿಂದಕ್ಕೆ ತೆಗೆಯಬೇಕು. ಬೇಕಾದರೆ ಎದುರಿನವನ ಕೈಯನ್ನು ಮುಷ್ಟಿ ತುಂಬ ಹಿಡಿದು ಅಲುಗಿಸಬೇಕು. ಅಲುಗಿಸಿದ ಮೇಲೆ ಮುಗಿಯಿತು, ಅಲ್ಲಾಹು ಬಂದು ಹೇಳಿದರೂ ಯೇಸುಸ್ವಾಮಿ ಬಂದು ಹೇಳಿದರೂ ಸೌದಾ ತಿರುಗುವುದಿಲ್ಲ. ಇದು ಔರಾದಿನ ತೊಟ್ಟಿಲ ಕೂಸಿಗೂ ಗೊತ್ತಿದೆ. ಚಿದ್ರಿಯ ಹೆಡ್ ಕ್ಲಾರ್ಕಿಗೆ ಗೊತ್ತಿರಲಿಲ್ಲ.

ಪ್ರಭುದಾಸರಿಗೆ ಕಂಡದ್ದು ಇಷ್ಟೆ: ಗಿರಾಕಿ ಕೈ ಬಚ್ಚಿಟ್ಟುಕೊಂಡು ನಿಂತಿದ್ದಾನೆ. ಹಿಂದೆ ಸರಿಯುವ ಗಿರಾಕಿಯ ಬಗ್ಗೆ ಶಿಬಿರದಲ್ಲಿ ಒಂದು ಇಡೀ ಮಧ್ಯಾಹ್ನ ಪಾಠವಾಗಿತ್ತು. ಅವರು ಸುಜೀತನಿಗೆ "ನೋಡ್ಕೊ" ಎಂದು ಕಣ್ಣು ಮಿಟುಕಿಸಿ, ಮುಂದೆ ನುಗ್ಗಿ, ಟವೆಲ್ಲಿನ ಕೆಳಗೆ ಕೈ ತೂರಿಸಿದರು.

ಗಫೂರ ಈ ಟೈಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಹೊಸ ಗಿರಾಕಿ ಎಂದುಕೊಂಡ. ಬಜಾರದ ನಿಯಮದಂತೆ ತುಟಿ ಎರಡು ಮಾಡದೆ ತನ್ನ ದರವನ್ನು ಬೆರಳಿನಿಂದ ಒತ್ತಿ ಹೇಳಿದ. ಅಂಗೈಯಲ್ಲಿ ಏನೋ ಕಚಗುಳಿಯಾದದ್ದು ಪ್ರಭುದಾಸರಿಗೆ ಗೊತ್ತಾಯಿತು. ಭಾಲ್ಕಿಯವರ ಹಸ್ತಲಾಘವ ಹೀಗಿರಬಹುದೆಂದು ಭಾವಿಸಿ, ಕಣ್ಣಲ್ಲಿ ಕಣ್ಣಿಟ್ಟು, ಗಫೂರನ ಕೈಯನ್ನು ಮುಷ್ಟಿ ತುಂಬ ಹಿಡಿದು ಮೇಲೆ ಕೆಳಗೆ ಅಲುಗಿಸಿದರು.

ಗಫೂರನ ಬಾಯಿ ತೆರೆಯಿತು. ಅವನು ಹೇಳಿದ ಮೊದಲ ದರಕ್ಕೆ ಚೌಕಾಶಿಯಿಲ್ಲದೆ ಒಪ್ಪಿದವರನ್ನು ಅವನು ಆಯುಷ್ಯದಲ್ಲಿ ಕಂಡಿರಲಿಲ್ಲ.

"ಸೌದಾ ಪಕ್ಕಾ!" ಎಂದು ಕಾಶೀರಾಮ ಆಕಾಶಕ್ಕೆ ಕೂಗಿದ. ಡಬ್ಬಿಯಿಂದ ಕೆಂಪು ಬಣ್ಣ ತೆಗೆದು ಎಮ್ಮೆಯ ಬೆನ್ನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದ.

"ನೋಡ್ದಿ?" ಪ್ರಭುದಾಸರು ಸುಜೀತನ ಕಿವಿಯಲ್ಲಿ ಪಿಸುಗುಟ್ಟಿದರು. "ಒಂದು ಮಾತಾಡಿಲ್ಲ. ಕೆಲಸ ಆಯ್ತು."

"ಮಾಮಾ, ಎಮ್ಮಿಗಿ ಯಾಕ ಬಣ್ಣ ಹಚ್ಚಿದ್ರು?"

"ಅದು ಅವ್ರ ಸ್ವಾಗತದ ಪದ್ಧತಿ ಇರ್ಬೇಕು."

ಅಷ್ಟರಲ್ಲಿ ಜೀಪಿನ ಕಡೆಯಿಂದ ಒಬ್ಬ ದಪ್ಪ ಮನುಷ್ಯ ನಗುತ್ತ ಬಂದ. ಅಮ್ಮಿ ದರಕ್ಕೆ ಒಪ್ಪಿದ್ದಳು. ಎಮ್ಮೆಯ ಬೆನ್ನ ಮೇಲಿನ ಕೆಂಪು ಗೆರೆ ನೋಡಿದ್ದೇ ಅವನ ನಗು ನಿಂತಿತು.

"ಯಾರು ತೊಗೊಂಡ್ರು?"

ಕಾಶೀರಾಮ ಪ್ರಭುದಾಸರನ್ನು ತೋರಿಸಿದ. "ಈ ಸಾಹೇಬ್ರು, ಉಸ್ಮಾನ ಮಿಯಾ. ಹಲ್ಲು ನೋಡ್ಲಿಲ್ಲ, ಕೆಚ್ಚಲು ನೋಡ್ಲಿಲ್ಲ. ಬಂದ್ರು, ಹಿಡದ್ರು."

ಉಸ್ಮಾನ ಮಿಯಾ ಎಂಬ ಹೆಸರು ಕೇಳಿದ್ದೇ ಸುಜೀತನಿಗೆ ಎಲ್ಲ ತಿಳಿದುಹೋಯಿತು. ಸಹಿ ಬೇಕಾದ ಗಿರಾಕಿ ಎದುರಿಗಿದ್ದಾರೆ, ಅವರ ಎಮ್ಮೆ ತಮ್ಮ ಪಾಲಾಗಿದೆ. ಪ್ರಭುದಾಸರಿಗೆ ಇದರಲ್ಲಿ ಅರ್ಧ ಮಾತ್ರ ತಿಳಿಯಿತು. ಆ ಅರ್ಧದಲ್ಲಿಯೇ ಅವರು ಮುಂದೆ ಬಂದರು.

"ನಮಸ್ಕಾರ್ರಿ ಮಿಯಾ ಸಾಬ್ರ. ನಾವು ಜುಲ್ಫೀಕಾರ ಸಾಹೇಬ್ರ ಆಡಿಟ್ ಆಫೀಸಿಂದ. ನಿಮ್ಮ ಲೆಕ್ಕದ ಕೆಲಸದ ಸಲುವಾಗಿ ಬಂದೇವಿ."

"ಲೆಕ್ಕದ ಕೆಲಸಕ್ಕ ಬಂದು ನಮ್ಮ ಎಮ್ಮಿ ಹೊಡಕೊಂಡ್ರೇನ್ರಿ?" ಉಸ್ಮಾನ ಮಿಯಾರ ಕುತ್ತಿಗೆಯ ನರ ಉಬ್ಬಿದವು. "ಖರೆ ಹೇಳ್ರಿ. ನೀವು ಆಡಿಟರ ಕಡಿಯವ್ರೋ, ಎಮ್ಮಿ ವ್ಯಾಪಾರದವ್ರೋ?"

ಗೊತ್ತಿಲ್ಲ ಎನ್ನಬಾರದು. ಪ್ರಭುದಾಸರು ಅನ್ನಲಿಲ್ಲ. "ನಮ್ಮಲ್ಲಿ ಎಲ್ಲಾ ನಮೂನಿ ಸರ್ವಿಸ್ ಅದಾವ್ರಿ" ಎಂದರು.

ಈ ಮಾತು ಬಜಾರದಲ್ಲಿ ಹಬ್ಬಲು ಒಂದು ಬೀಡಿ ಹಚ್ಚುವಷ್ಟು ಹೊತ್ತೂ ಹಿಡಿಯಲಿಲ್ಲ. ಟೈ ಕಟ್ಟಿದ್ದಾರೆ, ಫೈಲು ತಂದಿದ್ದಾರೆ, ದರ ಕೇಳದೆ ಹಿಡಿಯುತ್ತಾರೆ ಅಂದ ಮೇಲೆ ಇವರು ದೊಡ್ಡ ಡೇರಿ ಕಂಪನಿಯವರೇ ಸೈ ಎಂದು ತೀರ್ಮಾನವಾಯಿತು. ಮನೆಯ ದಾರಿ ಹಿಡಿದಿದ್ದ ಎಮ್ಮೆಗಳು ತಿರುಗಿ ಬಂದವು. "ಸಾಹೇಬ್ರ, ನಮ್ಮದೂ ಒಂದು ಹಿಡೀರಿ" ಎಂದು ಟವೆಲ್ ಹೊದ್ದ ಕೈಗಳು ನಾಲ್ಕೂ ಕಡೆಯಿಂದ ಚಾಚಿಕೊಂಡವು. ಒಂದು ಗಡ್ಡದ ಮುದುಕನಂತೂ ಹಾಲು ಬತ್ತಿದ ಎಮ್ಮೆಯನ್ನು ತಂದು, "ಇದು ಖಾಲಿ ನೋಡ್ಲಿಕ್ಕ ಹಿಂಗದರಿ, ಮನಸು ಭಾಳ ಒಳ್ಳೇದು" ಎಂದ. ಪ್ರಭುದಾಸರು ಮೊದಲ ಬಾರಿಗೆ ಎರಡೂ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡರು. ಈ ಗುಂಪು ನೋಡಿ, ಇವರು ಎಮ್ಮೆ ವ್ಯಾಪಾರದವರೇ ಎಂಬುದರಲ್ಲಿ ಉಸ್ಮಾನ ಮಿಯಾರಿಗೆ ಇದ್ದ ಸಂಶಯವೂ ಹೋಯಿತು. ಅವರು ಫೋನು ಕಿವಿಗೆ ಹಿಡಿದು ದೂರ ಹೋದರು.

ಸ್ವಲ್ಪ ಹೊತ್ತಿನಲ್ಲಿ ಸುಜೀತನ ಫೋನು ಬಡಿದುಕೊಂಡಿತು. ಜುಲ್ಫೀಕಾರ ಸಾಹೇಬರು.

"ಸುಜೀತ, ನಮ್ಮ ಆಫೀಸಿನ ಹೆಸರಿಲೆ ಎಮ್ಮಿ ಖರೀದಿ ಮಾಡ್ಲತ್ತಿಯಂತ? ಉಸ್ಮಾನ ಮಿಯಾ ನನಗ ಬಾಯಿಗಿ ಬಂದಂಗ ಅಂದ್ರು. ಗಾಂಧಿ ಗಂಜದಾಗ ನಾ ತಲಿ ಎತ್ತಿ ಅಡ್ಡಾಡಬೇಕೋ ಬ್ಯಾಡೋ?"

"ಸರ್, ಅದು ಹಂಗಲ್ರಿ, ನಮ್ಮ ಮಾಮಾ..."

"ಮಾಮಾ ಯಾವನು? ಅವನ್ನ ನಾ ನೌಕರಿಗಿ ಇಟ್ಕೊಂಡೇನೇನು? ಆ ಸಹಿ ಇಲ್ಲದ ಬೀದರಕ್ಕ ಬರಬ್ಯಾಡ." ಫೋನು ಕಟ್ಟಾಯಿತು.

ಈಗ ಗಫೂರ ಮುಂದೆ ಬಂದ. "ಸಾಹೇಬ್ರ, ರೊಕ್ಕ. ಹೊತ್ತು ಮುಳಗೂದ್ರೊಳಗ ಕೊಟ್ಟು ಎಮ್ಮಿ ಬಿಚ್ಕೊಂಡು ಹೋಗ್ರಿ. ನಾ ಭಾತಂಬ್ರಾ ಮುಟ್ಟಬೇಕು."

"ಕೊಡೋಣ್ರಿ, ಕೊಡೋಣ" ಎಂದರು ಪ್ರಭುದಾಸರು. ಎಷ್ಟು ಕೊಡಬೇಕೆಂಬುದು ಅವರಿಗೆ ಗೊತ್ತಿರಲಿಲ್ಲ. ಕೇಳುವಂತೆಯೂ ಇರಲಿಲ್ಲ. ಮುಷ್ಟಿ ತುಂಬ ಹಿಡಿದು ಒಪ್ಪಿದ ಮನುಷ್ಯ ಎಷ್ಟಕ್ಕೆ ಒಪ್ಪಿದೆನೆಂದು ಕೇಳಿದರೆ ಔರಾದಿನವರು ಏನು ತಿಳಿದಾರು? ಬಜಾರ ಕಮಿಟಿಯ ಕಾರಕೂನ ರಸೀದಿ ಪುಸ್ತಕ ಹಿಡಿದು ಬಂದೇ ಬಿಟ್ಟ. ಅಲ್ಲಿಯ ರಿವಾಜಿನಂತೆ ದರವನ್ನು ಅವನ ಕಿವಿಯಲ್ಲಿ ಹೇಳಬೇಕು. ಅವನು ಕಿವಿ ಕೊಟ್ಟ.

ಪ್ರಭುದಾಸರು ಬಾಗಿ ಹೇಳಿದರು. "ಯೋಗ್ಯ ದರ."

"ಅಂಕಿ ಹೇಳ್ರಿ."

"ಅಂಕಿ ಇನ್ನೂ ಪ್ರೊಸೆಸ್‌ನಾಗ ಅದರಿ."

ಆ ಕಿವಿ ತನ್ನ ಸರ್ವಿಸಿನಲ್ಲಿ ದೊಡ್ಡ ಸುಳ್ಳು ಸಣ್ಣ ಸುಳ್ಳು ಎಲ್ಲವನ್ನೂ ಕೇಳಿತ್ತು, ಇಂಥದ್ದನ್ನು ಕೇಳಿರಲಿಲ್ಲ. ಕಾರಕೂನ ಪೆನ್ನು ಎತ್ತಿ ಹಿಡಿದು ಅಲ್ಲೇ ನಿಂತ. "ನಿಂದ್ರತೇನಿ. ಪ್ರೊಸೆಸ್ ಆಗ್ಲಿ" ಎಂದ.

ಪ್ರಭುದಾಸರ ಹಣೆಯಿಂದ ಬೆವರು ಟೈ ಮೇಲೆ ತೊಟ್ಟಿಕ್ಕಿತು. ಅವರಿಗೆ ಒಂದು ಉಪಾಯ ಹೊಳೆಯಿತು. ಮೊದಲಿನ ಹಾಗೆಯೇ ಇನ್ನೊಮ್ಮೆ ಕೈ ಹಾಕಿದರೆ ಗಫೂರ ಇನ್ನೊಮ್ಮೆ ಒತ್ತುತ್ತಾನೆ, ಈ ಸಲ ಎಣಿಸಿಕೊಂಡರಾಯಿತು. ನಗುತ್ತ ಹೋಗಿ ಟವೆಲ್ಲಿನೊಳಗೆ ಕೈ ತೂರಿಸಿದರು.

ಗಫೂರ ಹಾವು ತುಳಿದವನಂತೆ ಹಿಂದೆ ಜಿಗಿದ. "ಸೌದಾ ಆದ ಮ್ಯಾಗ ಮತ್ತ ಕೈ ಹಾಕ್ತೀರಿ? ದರ ಮುರೀಲಿಕ್ಕ ನೋಡ್ತೀರಿ? ನಾ ಕುರಾನಿನ ಮ್ಯಾಗ ಕೈ ಇಟ್ಟಂಗ ಜಬಾನ್ ಕೊಟ್ಟೇನಿ! ಕಾಶೀರಾಮ, ಎಂಥವ್ರನ್ನ ತಂದಿ?"

"ನಾ ತಂದಿಲ್ಲಪಾ, ತಾವೇ ಬಂದಾರ!"

ಡೇರಿ ಕಂಪನಿಯವರು ದರ ಮುರಿಯುತ್ತಿದ್ದಾರೆಂಬ ಸುದ್ದಿ ಹಿಂದಿನದಕ್ಕಿಂತ ಬೇಗ ಹಬ್ಬಿತು. ಜನ ಮುತ್ತಿದರು. ಕೈಯಲ್ಲಿ ಬಾರಕೋಲು ಹಿಡಿದವರೇ ಹೆಚ್ಚು. ಗಡ್ಡದ ಮುದುಕ, "ನಾ ಮೊದಲೇ ಅಂದಿದ್ದೆ, ಟೈ ಕಟ್ಟಿದವ್ರನ್ನ ನಂಬಬಾರ್ದು" ಎಂದ. ಅವನು ಹಾಗೆ ಅಂದಿರಲಿಲ್ಲ. ಆ ಗದ್ದಲದಲ್ಲಿ ಜೀಪಿನ ಬಾಗಿಲು ತೆರೆದು ಬುರ್ಖಾದ ಮುಸುಕು ಎತ್ತಿದ ಒಬ್ಬ ಹಿರಿಯ ಹೆಂಗಸು ಇಳಿದಳು. ಕೈಯಲ್ಲಿ ಬೆತ್ತವಿತ್ತು. ಗುಂಪು ತಾನಾಗಿಯೇ ಇಬ್ಭಾಗವಾಯಿತು. ಮಹಮೂದಾ ಬೇಗಂ.

ಆಕೆ ಯಾರನ್ನೂ ನೋಡಲಿಲ್ಲ. ನೇರ ಎಮ್ಮೆಯ ಬಳಿ ಹೋಗಿ ಅದರ ಹಣೆ ಸವರಿದಳು. "ಇದರ ತಾಯಿ ನನ್ನ ದನಿ ಕೇಳಿದ್ರೇ ಹಾಲು ಬಿಡ್ತಿತ್ತು" ಎಂದಳು. ಆಮೇಲೆ ತಿರುಗಿ ಬೆತ್ತದಿಂದ ಕೆಂಪು ಗೆರೆ ತೋರಿಸಿದಳು. "ಯಾರು ಮಾಡಿದ್ರು ಇದು?"

ಪ್ರಭುದಾಸರು ಬಾಯಿ ತೆರೆದರು. ಅವರೊಳಗಿನ ಶಿಬಿರ ಇನ್ನೊಂದು ಉತ್ತರ ಸಿದ್ಧಮಾಡುತ್ತಿದೆಯೆಂದು ಸುಜೀತನಿಗೆ ಗೊತ್ತಾಯಿತು. ಅವನು ಮಾಮಾನನ್ನು ತೋಳು ಹಿಡಿದು ಹಿಂದಕ್ಕೆ ಎಳೆದ. ಹುಟ್ಟಿದಂದಿನಿಂದ ಹಿರಿಯರ ಮೈಮೇಲೆ ಕೈ ಮಾಡದ ಹುಡುಗ ಅವನು, ಆದರೆ ಎಳೆದ ರಭಸಕ್ಕೆ ಪ್ರಭುದಾಸರು ಕಾರಕೂನನ ಮೇಲೆ ಹೋಗಿ ಬಿದ್ದರು.

"ಬೇಗಂ ಸಾಬ್, ತಪ್ಪು ನಮ್ದರಿ" ಎಂದ ಸುಜೀತ. "ನಾವು ಎಮ್ಮಿ ಕೊಳ್ಳವ್ರಲ್ಲ, ಕಂಪನಿಯವ್ರೂ ಅಲ್ಲ. ಇವ್ರು ನಮ್ಮ ಮಾಮಾ. ಕೈ ಕುಲುಕಬೇಕಂತ ಹೋದ್ರು. ಗಫೂರ ಚಾಚಾನೇ ಉಸ್ಮಾನ ಮಿಯಾ ಅಂತ ತಿಳಕೊಂಡ್ರು. ಟಾವೆಲ್ ಕೆಳಗ ಏನು ನಡೀತದ ನಮಗ ಗೊತ್ತಿಲ್ರಿ. ಎಷ್ಟಕ್ಕ ಒಪ್ಪೇವಿ ಅದೂ ಗೊತ್ತಿಲ್ರಿ."

ಮೊದಲು ಕಾಶೀರಾಮ ನಗತೊಡಗಿದ. ಅವನು ನಕ್ಕದ್ದು ನೋಡಿ ಎಲ್ಲರೂ ನಕ್ಕರು. ಬಾರಕೋಲುಗಳು ಕೆಳಗಿಳಿದವು. ಎದ್ದು ಕೋಟಿನ ಧೂಳು ಝಾಡಿಸುತ್ತಿದ್ದ ಪ್ರಭುದಾಸರು ಮಾತ್ರ, "ಗೊತ್ತಿಲ್ಲಂದ್ಯಾ? ಎಲ್ಲಾರ ಮುಂದ? ಹೋತು, ನಿನ್ನ ಕತಿ ಹೋತು" ಎಂದು ಗೊಣಗಿದರು.

ಬೇಗಂ ನಗಲಿಲ್ಲ. ಉಸ್ಮಾನ ಮಿಯಾರೂ ನಗಲಿಲ್ಲ. "ಗೊತ್ತಿಲ್ಲಂದ್ರ ಮುಗೀತೇನು?" ಎಂದರು ಅವರು. "ಬಣ್ಣ ಬಿದ್ದದ. ಸೌದಾ ಸೌದಾನೇ. ಈಗ ಎಮ್ಮಿ ನಿಮ್ದು. ನಮಗ ಬೇಕಂದ್ರ ನಿಮ್ಮ ಕೈಯಿಂದ ತೊಗೋಬೇಕು. ನೀವು ಮಾಲಕರು, ದರ ನೀವು ಹೇಳಬೇಕು."

ಗಫೂರನಿಗೆ ಹುಡುಗನ ಮುಖ ನೋಡಿ ಕನಿಕರ ಬಂತು. ಅವನು ಸುಜೀತನ ಬಳಿ ಬಂದು, ಟವೆಲ್ ಹೊದಿಸಿ, ಸಾಲಿ ಮಕ್ಕಳಿಗೆ ಮಗ್ಗಿ ಕಲಿಸುವ ಹಾಗೆ ಒಂದೊಂದೇ ಬೆರಳು ಒತ್ತಿ ಆ ದರ ಏನೆಂದು ತೋರಿಸಿದ. ಸುಜೀತನ ಸಂಬಳವನ್ನು ವರ್ಷವಿಡೀ ಕೂಡಿಟ್ಟರೂ ಅದು ಆ ಎಮ್ಮೆಯ ಹತ್ತಿರ ಸುಳಿಯುತ್ತಿರಲಿಲ್ಲ.

ಪ್ರಭುದಾಸರು ಅವನ ಕಿವಿಗೆ ಬಾಯಿ ಹಚ್ಚಿದರು. "ಕೇಳಿಲ್ಲಿ. ದರ ಯಾರಿಗೂ ಕಾಣಂಗಿಲ್ಲ. ಒಂದು ಬೆರಳು ಹೆಚ್ಚಿಗಿ ಒತ್ತಿಬಿಡು. ಬೀದರದಿಂದ ಬಂದೇವಿ, ಮೂರು ತಾಸು ಬಿಸಲಾಗ ನಿಂತೇವಿ, ಮರ್ಯಾದಿ ಹೋಗ್ಯದ. ಅದಕ್ಕೇ ಸರ್ವಿಸ್ ಚಾರ್ಜ್ ಅಂತಾರ. ಅವ್ರಿಗಿ ಎಮ್ಮಿ ಬೇಕೇ ಬೇಕು, ಕೊಡ್ತಾರ."

ಉಸ್ಮಾನ ಮಿಯಾ ಕೈ ಚಾಚಿದರು. ಸುಜೀತನೂ ಚಾಚಿದ. ಕಾಶೀರಾಮ ಎರಡೂ ಕೈಗಳ ಮೇಲೆ ಟವೆಲ್ ಹಾಕಿದ. ಎಲ್ಲರ ಕಣ್ಣೂ ಹುಡುಗನ ಮುಖದ ಮೇಲಿದ್ದವು, ಹುಡುಗನ ಮುಖದಲ್ಲಿ ಹೆದರಿಕೆಯ ಹೊರತು ಓದಲು ಏನೂ ಇರಲಿಲ್ಲ. ಅವನು ತಡವರಿಸುತ್ತ ಒಂದು ಬೆರಳು ಒತ್ತಿದ, ಇನ್ನೊಂದು ಒತ್ತಿದ, ಮತ್ತೂ ಒತ್ತಿ ನಿಂತುಬಿಟ್ಟ.

ಉಸ್ಮಾನ ಮಿಯಾ ಕೈ ಬಿಡಲಿಲ್ಲ, ಹಿಡಿಯಲೂ ಇಲ್ಲ. "ಇಷ್ಟೇನು?"

"ಇಷ್ಟೇ ರಿ."

"ಮತ್ತೊಮ್ಮೆ ವಿಚಾರ ಮಾಡು. ಹಿಂದ ನಿಂತವ್ರು ಕಿವ್ಯಾಗ ಏನೋ ಹೇಳಿದಂಗಿತ್ತಲ್ಲ."

"ಅವ್ರು ಹೇಳ್ಯಾರ್ರಿ. ಇದು ಇಷ್ಟೇ ರಿ."

ಉಸ್ಮಾನ ಮಿಯಾ ಸುಜೀತನ ಕೈಯನ್ನು ಮುಷ್ಟಿ ತುಂಬ ಹಿಡಿದು ಅಲುಗಿಸಿದರು. ಆಮೇಲೆ ಎಮ್ಮೆಯ ಪಕ್ಕದಲ್ಲಿ ನಿಂತಿದ್ದ ಬೇಗಂ ಕಡೆ ತಿರುಗಿ ಹೇಳಿದರು. "ಅಮ್ಮಿ, ಮುಂಜಾನಿ ಗಫೂರ ನನಗ ಹೇಳಿದ ದರ ಇದೇ. ಒಂದು ಬೆರಳ ತುದಿನೂ ಹೆಚ್ಚಿಲ್ಲ."

ಆಗ ಸುಜೀತನಿಗೆ ತಿಳಿಯಿತು, ಟವೆಲ್ಲಿನ ಕೆಳಗಿನ ದರ ಎಲ್ಲರಿಗೂ ಗುಟ್ಟಾಗಿತ್ತು, ಕೊಳ್ಳುವ ಉಸ್ಮಾನ ಮಿಯಾರಿಗೆ ಮಾತ್ರ ಮೊದಲೇ ಗೊತ್ತಿತ್ತು. ಪ್ರಭುದಾಸರಿಗೂ ತಿಳಿಯಿತು. ಅವರು ಎಮ್ಮೆಯ ಆ ಬದಿಗೆ ಸರಿದು ಮರೆಯಾದರು.

ಗಫೂರನಿಗೆ ಹಣ ಮುಟ್ಟಿತು. ಕಾರಕೂನನ ಕಿವಿಗೆ ಕೊನೆಗೂ ಒಂದು ಅಂಕಿ ಬಿತ್ತು. ಎಮ್ಮೆಯನ್ನು ಟೆಂಪೊಕ್ಕೆ ಏರಿಸುವವರೆಗೆ ಬೇಗಂ ಅಲ್ಲಿಂದ ಕದಲಲಿಲ್ಲ. ಏರಿಸಿದ ಮೇಲೆ ಜೀಪಿನಲ್ಲಿ ಕುಳಿತು ಬೆತ್ತದಿಂದ ಸುಜೀತನನ್ನು ಕರೆದಳು.

"ಕಾಗದ ಎಲ್ಲಿ ಅದ ಬೇಟಾ?"

ಸುಜೀತ ಫೈಲು ತೆರೆದು ಪತ್ರ ಕೊಟ್ಟ. ಆಕೆ ಓದಲಿಲ್ಲ. "ನಮ್ಮ ಹಿಂದಿನ ಆಡಿಟರಿಗಿ ಏನ್ ಕೇಳಿದ್ರೂ ಎಲ್ಲಾ ಗೊತ್ತಿತ್ತು. ಎಲ್ಲಾ ಗೊತ್ತದ ಅಂತಿದ್ರು, ದಂಡದ ನೋಟೀಸು ಬರ್ತಿದ್ವು. ಹೋಗ್ಲಿ. ನಿಮ್ಮ ಫೀಸು ಎಷ್ಟು?"

ಎಮ್ಮೆಯ ಮರೆಯಿಂದ ಹೊರಬಂದಿದ್ದ ಪ್ರಭುದಾಸರಿಗೆ ಈ ಪ್ರಶ್ನೆ ಕೇಳಿ ಜೀವ ಬಂತು. ಬಜಾರದ ರಿವಾಜು ಈಗ ಅವರಿಗೆ ಸಂಪೂರ್ಣ ತಿಳಿದಿತ್ತು. ಕಾಶೀರಾಮನ ಹೆಗಲ ಮೇಲಿನ ಟವೆಲ್ ಕಸಿದು ಓಡಿಬಂದು, ಬೇಗಂ ಮತ್ತು ಸುಜೀತನ ನಡುವೆ ಭಕ್ತಿಯಿಂದ ಹಿಡಿದರು.

"ತೆಗಿ ಅದನ್ನ!" ಬೇಗಂ ಬೆತ್ತ ಎತ್ತಿದಳು. "ನಾ ಏನ್ ಎಮ್ಮಿ ತೊಗೊಳ್ಳತೇನೇನು? ನೀ ಬಾಯಿಲೆ ಹೇಳು ಬೇಟಾ."

ಸುಜೀತ ಬಾಯಲ್ಲೇ ಹೇಳಿದ. ಆಫೀಸಿನಲ್ಲಿ ಸಾಹೇಬರು ಹೇಳಿಕೊಟ್ಟಷ್ಟೇ ಹೇಳಿದ. ಆ ಬಜಾರದಲ್ಲಿ ಎಲ್ಲರ ಕಿವಿಗೆ ಬೀಳುವಂತೆ ದರ ಹೇಳಿದವನನ್ನು ನೋಡಲು ಎತ್ತು ಹೊಡೆಯುತ್ತಿದ್ದವರೂ ನಿಂತರು.

"ಭಾಳಾಯ್ತು" ಎಂದಳು ಬೇಗಂ. "ಕಮ್ಮಿ ಮಾಡು."

ಉಳಿದ ಇಬ್ಬರು ಆಡಿಟರು ಎಷ್ಟು ಕಡಿಮೆ ಮಾಡಲೂ ತಯಾರಿದ್ದರೆಂದು ಸುಜೀತನಿಗೆ ಗೊತ್ತಿತ್ತು. ಪ್ರಭುದಾಸರು ಹಿಂದಿನಿಂದ, "ಮಾಡು, ಮಾಡು, ಹೂಂ ಅನ್ನು" ಎಂದು ಅವನ ಬೆನ್ನಿಗೆ ತಿವಿದರು. ಸೂರ್ಯ ಟೆಂಪೊದ ಹಿಂದೆ ಇಳಿಯುತ್ತಿದ್ದ. ಬೀದರಿನ ಕೊನೆಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

"ಆಗಂಗಿಲ್ರಿ, ಬೇಗಂ ಸಾಬ್" ಎಂದ ಸುಜೀತ. "ಎಮ್ಮಿ ದರಾ ಹೆಚ್ಚು ಮಾಡ್ಲಿಲ್ಲ. ಇದನ್ನ ಕಮ್ಮಿ ಮಾಡಂಗಿಲ್ಲ."

ಪ್ರಭುದಾಸರು ಕಣ್ಣು ಮುಚ್ಚಿದರು. ಬೇಗಂ ಹುಡುಗನನ್ನು ತುಂಬ ಹೊತ್ತು ನೋಡಿದಳು, ಎಮ್ಮೆಯ ಹಲ್ಲು ನೋಡುವವರ ಹಾಗೆ. ಆಮೇಲೆ ಮಗನ ಜೇಬಿನಿಂದ ಪೆನ್ನು ಕಿತ್ತು, ಪತ್ರವನ್ನು ಮೊಣಕಾಲ ಮೇಲಿಟ್ಟುಕೊಂಡು, ಬಲದಿಂದ ಎಡಕ್ಕೆ ನಿಧಾನವಾಗಿ ಉರ್ದುವಿನಲ್ಲಿ ಸಹಿ ಹಾಕಿದಳು.